ಸಮಾನ ಶಿಕ್ಷಣಕ್ಕೆ ಖಾಸಗಿ ಶಾಲೆ ಮುಚ್ಚಿದರೆ ಸಾಕಾ?

ಓದುಗರ ಪ್ರಶ್ನೆ: ಎಲ್ಲ ಶಾಲೆಗಳನ್ನೂ ಸರ್ಕಾರವೇ ನಡೆಸಿದರೆ ಬಡವರ ಮಕ್ಕಳಿಗೂ ಉಳ್ಳವರ ಮಕ್ಕಳಿಗೂ ಒಂದೇ ಅವಕಾಶ ಸಿಗುತ್ತದೆ, ಅಲ್ವಾ?

ಉತ್ತರ: ಅಷ್ಟು ಸಲೀಸಲ್ಲ. ಶಾಲೆ ಯಾರದ್ದು ಎಂದು ಕೇಳುವ ಮೊದಲು, ಮಕ್ಕಳನ್ನು ಯಾವ ವಯಸ್ಸಿನಲ್ಲಿ ಬೇರೆ ಮಾಡುತ್ತಾರೆ ಎಂದು ಕೇಳಬೇಕು.

ಜರ್ಮನಿಯಲ್ಲಿ ಬಹುಪಾಲು ಮಕ್ಕಳು ಓದುವುದು ಸರ್ಕಾರಿ ಶಾಲೆಯಲ್ಲೇ. ಫೀಸೂ ಇಲ್ಲ. ಆದರೆ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ತರಗತಿ ಮುಗಿದ ಕೂಡಲೇ ಮಕ್ಕಳ ದಾರಿ ಕವಲೊಡೆಯುತ್ತದೆ. ಕೆಲವರು ವಿಶ್ವವಿದ್ಯಾಲಯಕ್ಕೆ ಅಣಿ ಮಾಡುವ ಗಿಮ್ನಾಸಿಯಂಗೆ, ಉಳಿದವರು ಬೇರೆ ಶಾಲೆಗಳಿಗೆ. ಹತ್ತು ವರ್ಷದ ಮಗುವಿನ ಅಂಕಪಟ್ಟಿಯಲ್ಲಿ ಕಾಣುವುದು ಅರ್ಧ ಅಪ್ಪ ಅಮ್ಮನ ಓದೇ! ಬೇರೆ ಬೇರೆ ದೇಶಗಳ ಮಕ್ಕಳ ಕಲಿಕೆಯನ್ನು ಹೋಲಿಸುವ ಪಿಸಾ ಪರೀಕ್ಷೆ 2000ದಲ್ಲಿ ನಡೆದಾಗ, ಮನೆಯ ಸ್ಥಿತಿಗೂ ಮಗುವಿನ ಕಲಿಕೆಗೂ ತೀರಾ ಬಿಗಿ ನಂಟಿದ್ದ ದೇಶಗಳ ಸಾಲಿನಲ್ಲಿ ಜರ್ಮನಿ ನಿಂತಿತು. ಅಲ್ಲಿ ದೊಡ್ಡ ಗದ್ದಲವೇ ಆಯಿತು.

ಫಿನ್‌ಲೆಂಡಿನಲ್ಲೂ ಮೊದಲು ಹೀಗೇ ಇತ್ತು, ಹನ್ನೊಂದರ ಆಸುಪಾಸಿನಲ್ಲೇ ವಿಂಗಡಣೆ. 1972ರಿಂದ ಅದನ್ನು ಕೈಬಿಟ್ಟು, ಒಂಬತ್ತು ವರ್ಷ ಎಲ್ಲರಿಗೂ ಒಂದೇ ಶಾಲೆ ಎಂದರು. ಉತ್ತರದಲ್ಲಿ ಶುರುವಾದ ಬದಲಾವಣೆ ದಕ್ಷಿಣಕ್ಕೆ ಬರುವಷ್ಟರಲ್ಲಿ 1977 ಆಗಿತ್ತು. ಈ ನಿಧಾನ ಸಂಶೋಧಕರಿಗೆ ವರವಾಯಿತು. ಒಂದೇ ವಯಸ್ಸಿನವರಲ್ಲಿ ಹಳೇ ಪದ್ಧತಿಯಲ್ಲಿ ಓದಿದವರನ್ನೂ ಹೊಸ ಪದ್ಧತಿಯಲ್ಲಿ ಓದಿದವರನ್ನೂ ಹೋಲಿಸಿ ನೋಡಬಹುದಿತ್ತು. ನೋಡಿದರು. ಅಪ್ಪನ ಸಂಪಾದನೆಗೂ ಮಗನ ಸಂಪಾದನೆಗೂ ಇದ್ದ ನಂಟು ಹೊಸ ಪದ್ಧತಿಯಲ್ಲಿ ಸುಮಾರು ಕಾಲುಭಾಗ ಸಡಿಲಗೊಂಡಿತ್ತು.

ಹಾಗಾದರೆ ಖಾಸಗಿ ಶಾಲೆಗಳಿಂದ ತೊಂದರೆಯೇ ಇಲ್ಲವೇ? ಅದು ನಿಯಮಗಳ ಮೇಲಿದೆ. ನೆದರ್‌ಲೆಂಡ್ಸ್‌ನಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಮಕ್ಕಳು ಖಾಸಗಿ ಆಡಳಿತದ ಶಾಲೆಗಳಲ್ಲಿದ್ದಾರೆ. ಆದರೂ 1917ರ ಸಂವಿಧಾನ ತಿದ್ದುಪಡಿಯ ನಂತರ ಎರಡೂ ಬಗೆಯ ಶಾಲೆಗಳಿಗೆ ಸರ್ಕಾರ ಸಮನಾಗಿ ಹಣ ಕೊಡುತ್ತಿದೆ. (ಅಲ್ಲಿಯೂ ಹನ್ನೆರಡಕ್ಕೆ ವಿಂಗಡಣೆಯಿದೆ, ಅದರ ಬಗ್ಗೆ ತಕರಾರೂ ಇದೆ.) ಚಿಲಿಯ ಕಥೆ ಬೇರೆ. 1981ರಲ್ಲಿ ಸರ್ಕಾರದ ಹಣ ಮಗು ಸೇರಿದ ಶಾಲೆಗೆ ಹೋಗಲಿ ಎಂದರು. ಖಾಸಗಿ ಶಾಲೆಗಳು ಮಕ್ಕಳನ್ನು ಆರಿಸಿಕೊಂಡವು, ಆಮೇಲೆ ಮೇಲಿಂದ ಫೀಸನ್ನೂ ಕೇಳಿದವು. ಬಡವರು ಒಂದೆಡೆ, ಉಳ್ಳವರು ಇನ್ನೊಂದೆಡೆ ಗುಂಪಾದರು. 2008ರಲ್ಲಿ ಬಡ ಮಕ್ಕಳಿಗೆ ಜಾಸ್ತಿ ಅನುದಾನ ಬಂತು. ಆರಿಸುವಿಕೆಗೂ ಫೀಸಿಗೂ ಕಡಿವಾಣ ಹಾಕುವ ಕಾನೂನು ಬರಲು 2015ರ ತನಕ ಕಾಯಬೇಕಾಯಿತು.

ಪರಿಹಾರ ಗೊತ್ತಿದ್ದರೂ ಜಾರಿಗೆ ತರುವುದು ಸುಲಭವಲ್ಲ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಮಕ್ಕಳು ನಾಲ್ಕರ ಬದಲು ಆರು ವರ್ಷ ಒಟ್ಟಿಗೆ ಓದಲಿ ಎಂದು ಸರ್ಕಾರ ಹೊರಟಾಗ, 2010ರಲ್ಲಿ ನಡೆದ ಜನಮತಗಣನೆ ಅದನ್ನು ತಿರಸ್ಕರಿಸಿತು. ಬದಲಾವಣೆಯಿಂದ ಜಾಸ್ತಿ ಲಾಭ ಆಗಬೇಕಿದ್ದ ಬಡ ಬಡಾವಣೆಗಳಲ್ಲೇ ಮತದಾನ ಕಡಿಮೆಯಾಗಿತ್ತು.