ಅದೇ ಡೋಸು, ಈ ಸಲ ಮಾತ್ರ ಉಸಿರು ನಿಂತೋಯ್ತು

ಓವರ್‌ಡೋಸ್ ಅಂದ ತಕ್ಷಣ ಎಲ್ರೂ ಅನ್ಕೊಳ್ಳೋದು ಯಾರೋ ಲೆಕ್ಕ ತಪ್ಪಿ ಜಾಸ್ತಿ ತಗೊಂಡ್ಬಿಟ್ರು ಅಂತ. ಹಾಗೂ ಆಗುತ್ತೆ, ಇಲ್ಲ ಅಂತಲ್ಲ. ಆದ್ರೆ ಹೆರಾಯಿನ್, ಮಾರ್ಫಿನ್, ಫೆಂಟನಿಲ್ ತರದ ಓಪಿಯಾಯ್ಡ್‌ಗಳಲ್ಲಿ, ಅಂದ್ರೆ ಅಫೀಮಿನ ತರ ಕೆಲಸ ಮಾಡೋ ಡ್ರಗ್‌ಗಳಲ್ಲಿ, ಎಷ್ಟೋ ಜನ ಸಾಯೋದು ಹಿಂದೆ ತಾವೇ ಅರಗಿಸ್ಕೊಂಡಿದ್ದ ಡೋಸಿಗೇ.

ನಮ್ ಮೆದುಳಿನ ಬುಡದಲ್ಲಿ ಉಸಿರಾಟ ನಡೆಸೋ ನರಕೋಶಗಳ ಒಂದು ಗುಂಪಿದೆ, ನಾವು ನಿದ್ದೇಲಿದ್ರೂ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದ್ರೆ ಸಾಕು, ಅದು ಉಸಿರು ಜೋರು ಮಾಡುತ್ತೆ. ಓಪಿಯಾಯ್ಡ್ ಹೋಗಿ ಅಂಟ್ಕೊಳ್ಳೋ ಮ್ಯೂ ರಿಸೆಪ್ಟರ್ (ನರಕೋಶದ ಮೇಲೆ ಡ್ರಗ್ ಬಂದು ಕೂರೋ ಜಾಗ) ನೋವಿನ ದಾರೀಲಷ್ಟೇ ಅಲ್ಲ, ಈ ಕೋಶಗಳ ಮೇಲೂ ಇರೋದ್ರಿಂದ ನೋವು ಹೋಗೋ ಜೊತೆಗೇ ಉಸಿರೂ ಮೆತ್ತಗಾಗುತ್ತೆ. ಕಣ್ಣಿನ ಪಾಪೆ ಚುಕ್ಕಿಯಷ್ಟಾಗುತ್ತೆ, ತುಟಿ ಉಗುರು ನೀಲಿಗಟ್ಟುತ್ತೆ, ಗಂಟಲಲ್ಲಿ ಗೊರಗೊರ ಸದ್ದು. ಪಕ್ಕದಲ್ಲಿರೋರು ಅದನ್ನ ಗೊರಕೆ ಅನ್ಕೊಂಡು ಮಲಗ್ಲಿ ಬಿಡು ಅಂತಾರೆ, ಅಲ್ಲೇ ಕೆಡೋದು.

ದಿನಾ ತಗೊಳ್ಳೋರ ದೇಹ ಇದಕ್ಕೆ ಒಗ್ಗಿಹೋಗುತ್ತೆ, ಮೊದಲಿನ ಡೋಸಲ್ಲಿ ಏನೂ ಅನ್ಸಲ್ಲ, ಏರಿಸ್ತಾ ಹೋಗ್ತಾರೆ. ತೊಂದ್ರೆ ಏನಂದ್ರೆ ಕಿಕ್‌ಗೆ ಬೇಗ ಒಗ್ಗೋ ದೇಹ ಉಸಿರಿನ ವಿಷ್ಯದಲ್ಲಿ ಅಷ್ಟು ಬೇಗ ಒಗ್ಗಲ್ಲ, ಪೂರ್ತಿಯಾಗಂತೂ ಇಲ್ವೇ ಇಲ್ಲ. ಬಿಟ್ಟಮೇಲೆ ಆ ತಡ್ಕೊಳ್ಳೋ ಶಕ್ತೀನೂ ಕೆಲವು ದಿನ, ವಾರಗಳಲ್ಲಿ ಇಳಿದುಹೋಗುತ್ತೆ. ಜೈಲಿಂದ ಹೊರಗೆ ಬಂದ ಮೊದಲ 2 ವಾರ ಅದಕ್ಕೇ ಅಷ್ಟು ಅಪಾಯ, ಡಿಟಾಕ್ಸ್ (ದೇಹದಿಂದ ಡ್ರಗ್ ಬಿಡಿಸೋ ಚಿಕಿತ್ಸೆ) ಮುಗಿಸಿ ಮನೆಗೆ ಬಂದೋರ ಕಥೇನೂ ಅದೇ. ತಲೇಲಿ ಹಳೇ ಅಳತೆ ಕೂತಿರುತ್ತೆ, ದೇಹ ಮರ್ತಿರುತ್ತೆ.

ಇನ್ನೂ ವಿಚಿತ್ರ ಅಂದ್ರೆ ಜಾಗ ಬದಲಾದ್ರೂ ಸಾಕು. 1982ರಲ್ಲಿ ಕೆನಡಾದ ಮನೋವಿಜ್ಞಾನಿ ಶೆಪರ್ಡ್ ಸೀಗಲ್ ಮತ್ತವರ ತಂಡ ಇಲಿಗಳಿಗೆ ಹೆರಾಯಿನ್ ಅಭ್ಯಾಸ ಮಾಡ್ಸಿ, ಆಮೇಲೆ ಒಂದು ದೊಡ್ಡ ಡೋಸ್ ಕೊಟ್ರು. ಯಾವತ್ತೂ ಹೆರಾಯಿನ್ ನೋಡದ ಇಲಿಗಳಲ್ಲಿ ಶೇ. 96 ಸತ್ವು, ಅಭ್ಯಾಸದ ಜಾಗದಲ್ಲೇ ತಗೊಂಡ ಇಲಿಗಳಲ್ಲಿ ಶೇ. 32 ಮಾತ್ರ, ಬೇರೆ ಜಾಗದಲ್ಲಿ ತಗೊಂಡವು ಶೇ. 64. ಪರಿಚಯದ ಜಾಗ ಕಂಡ್ರೆ ದೇಹ ಡ್ರಗ್ ಬರೋ ಮೊದ್ಲೇ ಎದುರಿಸೋಕೆ ತಯಾರಾಗುತ್ತೆ, ಹೊಸ ಜಾಗದಲ್ಲಿ ಆ ತಯಾರಿ ಇರಲ್ಲ, ಅನ್ನೋದು ಸೀಗಲ್ ಕೊಟ್ಟ ವಿವರಣೆ.

ಇದರ ಜೊತೆ ಎಣ್ಣೆನೋ ನಿದ್ದೆ ಮಾತ್ರೆನೋ ಸೇರಿದ್ರೆ ಉಸಿರು ಇನ್ನೂ ಕುಗ್ಗುತ್ತೆ, ಬಿಡಿಸಿ ಹೇಳ್ಬೇಕಿಲ್ಲ.

ಹೀಗಿರುವಾಗ "ಮನಸ್ಸು ಗಟ್ಟಿ ಮಾಡ್ಕೊಂಡು ಒಂದೇ ಏಟಿಗೆ ಬಿಟ್ಬಿಡು" ಅನ್ನೋ ಉಪದೇಶ ನಂಗಂತೂ ಭಯ ಹುಟ್ಸುತ್ತೆ. ಮೆಥಡೋನ್, ಬ್ಯುಪ್ರೆನಾರ್ಫಿನ್ (ಇವೂ ಓಪಿಯಾಯ್ಡ್‌ಗಳೇ, ಆದ್ರೆ ಔಷಧಿಯಾಗಿ ಕೊಡೋವು) ಕೊಟ್ಟು ಡಾಕ್ಟರ್ ನಿಗಾದಲ್ಲಿ ನಡೆಸೋ ಚಿಕಿತ್ಸೆನ "ಒಂದು ಚಟ ಬಿಡ್ಸಿ ಇನ್ನೊಂದು ಹಿಡಿಸೋದು" ಅಂತ ಆಡ್ಕೊಳ್ಳೋರಿದ್ದಾರೆ, ಆದ್ರೆ ಆ ಚಿಕಿತ್ಸೇಲಿ ಇರೋವರೆಗೂ ಸಾವು ಸ್ಪಷ್ಟವಾಗಿ ಕಮ್ಮಿ.

ಓವರ್‌ಡೋಸ್ ಆಗೇಬಿಟ್ರೆ ನಲೊಕ್ಸೋನ್ ಅನ್ನೋ ಔಷಧಿ ಇದೆ, ರಿಸೆಪ್ಟರ್‌ನಿಂದ ಓಪಿಯಾಯ್ಡ್‌ನ ತಳ್ಳಿ ಕೆಲವೇ ನಿಮಿಷದಲ್ಲಿ ಉಸಿರು ವಾಪಸ್ ತರುತ್ತೆ. ಎದ್ದೋರು ವಿತ್‌ಡ್ರಾವಲ್ (ಡ್ರಗ್ ಪ್ರಭಾವ ಇದ್ದಕ್ಕಿದ್ದಂಗೆ ನಿಂತಾಗ ಆಗೋ) ಸಂಕಟದಲ್ಲಿ ರೇಗಾಡ್ತಾರೆ, ನಂಗೇನೂ ಆಗಿಲ್ಲ ಅಂತ ಹೊರಟೇಬಿಡ್ತಾರೆ. ಬಿಡಬಾರದು, ಆಂಬುಲೆನ್ಸ್ ಬರೋವರೆಗೆ ಜೊತೇಲೇ ಇರ್ಬೇಕು, ಯಾಕಂದ್ರೆ ನಲೊಕ್ಸೋನ್ ಪ್ರಭಾವ ಸುಮಾರು 30ರಿಂದ 90 ನಿಮಿಷ ಅಷ್ಟೇ, ಒಳಗಿರೋ ಡ್ರಗ್ ಅದಕ್ಕಿಂತ ಜಾಸ್ತಿ ಹೊತ್ತು ಉಳ್ಕೊಂಡ್ರೆ ಉಸಿರು ಮತ್ತೆ ಇಳಿಯುತ್ತೆ.