ತ್ರೀ ಫೇಸ್ ಮೋಟರ್ ಮತ್ತು ಟೆಸ್ಲಾ: ಕಥೆ ಎಷ್ಟು, ನಿಜ ಎಷ್ಟು?

ನಿಕೋಲಾ ಟೆಸ್ಲಾ ಬಗ್ಗೆ ವಾಟ್ಸಾಪ್‌ನಲ್ಲಿ ಬರೋದನ್ನೆಲ್ಲ ನಂಬಿದರೆ, ಕರೆಂಟು, ರೇಡಿಯೋ, ರಿಮೋಟ್ ಎಲ್ಲವನ್ನೂ ಅವರೊಬ್ಬರೇ ಕಂಡುಹಿಡಿದರು, ಜಗತ್ತಿಗೆಲ್ಲ ಪುಕ್ಕಟೆ ಕರೆಂಟ್ ಕೊಡುವುದರಲ್ಲಿದ್ದರು, ಅಷ್ಟರಲ್ಲಿ ಯಾರೋ ತಡೆದರು. ಇತ್ತ ನಮ್ಮ ಮಕ್ಕಳಿಗೆ ಬಲ್ಬ್ ಅಂದರೆ ಎಡಿಸನ್, ಟೆಸ್ಲಾ ಅಂದರೆ ಕಾರು. ಇವೆರಡರ ನಡುವೆ ಆ ಮನುಷ್ಯ ನಿಜವಾಗಿ ಮಾಡಿದ ಕೆಲಸವೇ ಮರೆತುಹೋಗಿದೆ. ಆ ಕೆಲಸ, ಅಂದರೆ ಈ ಮೋಟರಿನ ತತ್ವ, ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯ ರೈಸ್ ಮಿಲ್ಲು, ಬೋರ್‌ವೆಲ್‌ಗಳಲ್ಲಿ ದಿನಾ ತಿರುಗುತ್ತಿದೆ.

ಹಳೆಯ ಮೋಟರುಗಳಲ್ಲಿ ತಿರುಗುವ ಭಾಗಕ್ಕೂ ಬ್ರಷ್ (ಉಜ್ಜುತ್ತಾ ಕರೆಂಟ್ ಮುಟ್ಟಿಸುವ ತುಂಡು) ಇಟ್ಟು ಕರೆಂಟ್ ಕೊಡಬೇಕಿತ್ತು. ಬ್ರಷ್ ಸವೆಯುತ್ತಿತ್ತು, ಕಿಡಿ ಹಾರುತ್ತಿತ್ತು. ಆಸ್ಟ್ರಿಯಾದ ಗ್ರಾಜ್‌ನಲ್ಲಿ ಓದುವಾಗ ಇದನ್ನು ನೋಡಿದ ಟೆಸ್ಲಾ, ಬ್ರಷ್ ಇಲ್ಲದೆಯೂ ಆಗುತ್ತಲ್ವಾ ಅಂದರು. ಆಗದ ಮಾತು ಅಂದರು ಮೇಷ್ಟ್ರು. 1882ರಲ್ಲಿ ಬುಡಾಪೆಸ್ಟ್‌ನ ಪಾರ್ಕಿನಲ್ಲಿ ಉತ್ತರ ಹೊಳೆಯಿತು, ಕೋಲಿನಿಂದ ಮಣ್ಣಿನ ಮೇಲೆ ಚಿತ್ರ ಬರೆದು ಗೆಳೆಯನಿಗೆ ತೋರಿಸಿದೆ ಎಂದು ಅವರೇ ಹೇಳಿಕೊಂಡಿದ್ದಾರೆ.

ಏನದು ಅಂತ ತಿಳಿಯಲು ರಿವೈಂಡಿಂಗ್ ಅಂಗಡಿಯಲ್ಲಿ ಬಿಚ್ಚಿಟ್ಟ ಮೋಟರ್ ನೋಡಿ ಸಾಕು. ಹೊರಗಿನ ಸ್ಟೇಟರ್‌ನ ಸ್ಲಾಟ್‌ಗಳಲ್ಲಿ ತಾಮ್ರದ ತಂತಿ ತುಂಬಿರುತ್ತದೆ. ನಡುವೆ ತಿರುಗುವ ರೋಟರ್‌ಗೆ ಹೊರಗಿನಿಂದ ಒಂದು ವೈರೂ ಬಂದಿರುವುದಿಲ್ಲ. ಮೂರು ಫೇಸ್, ಅಂದರೆ ಮೂರು ವೈರ್‌ಗಳಲ್ಲಿ ಬರುವ ಕರೆಂಟ್, ಒಂದರ ಹಿಂದೆ ಒಂದು ಏರಿ ಇಳಿಯುವಾಗ ಸ್ಟೇಟರ್ ಒಳಗೆ ಅಯಸ್ಕಾಂತ ಶಕ್ತಿ ಸುತ್ತು ಹೊಡೆಯುತ್ತದೆ, ರೋಟರ್‌ನಲ್ಲೂ ಕರೆಂಟ್ ಹುಟ್ಟಿಸಿ ಅದನ್ನು ಎಳೆದುಕೊಂಡು ಹೋಗುತ್ತದೆ. ನಮ್ಮ 50 ಹರ್ಟ್ಜ್ ಕರೆಂಟಿನಲ್ಲಿ (ಸೆಕೆಂಡಿಗೆ 50 ಏರಿಳಿತ), ಎರಡು ಪೋಲ್ (ಅಯಸ್ಕಾಂತದ ಎರಡು ಧ್ರುವ) ಇರುವ ಮೋಟರಿನಲ್ಲಿ, ಈ ಸುತ್ತು ನಿಮಿಷಕ್ಕೆ 3000. ರೋಟರ್ ಸ್ವಲ್ಪ ಹಿಂದೆ ಬೀಳುತ್ತದೆ, ಅದಕ್ಕೇ ಪ್ಲೇಟ್ ಮೇಲೆ 2880ರ ಆಸುಪಾಸು ಬರೆದಿರುತ್ತಾರೆ. ಹಿಂದೆ ಬೀಳದಿದ್ದರೆ ರೋಟರ್‌ನಲ್ಲಿ ಕರೆಂಟೇ ಹುಟ್ಟಲ್ಲ. ಪಂಪ್ ಉಲ್ಟಾ ತಿರುಗಿದಾಗ ಎರಡು ವೈರ್ ಅದಲುಬದಲು ಮಾಡುತ್ತೇವಲ್ಲ, ಆಗ ದಿಕ್ಕು ಬದಲಿಸುವುದು ಈ ಸುತ್ತೇ. ಒಂದು ಫೇಸ್ ಹೋದರೆ ನಿಂತ ಮೋಟರ್ ಏಳುವುದಿಲ್ಲ, ಗುಂಯ್ ಅನ್ನುತ್ತದೆ, ಬೇಗ ಆಫ್ ಮಾಡದಿದ್ದರೆ ವೈಂಡಿಂಗ್ ಸುಡುತ್ತದೆ.

ಈ ಸುತ್ತುವ ಅಯಸ್ಕಾಂತ ಶಕ್ತಿಯ ಮೋಟರಿಗೆ ಟೆಸ್ಲಾಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1888ರ ಮೇ 1ರಂದು. ಗೋಜಲು ಇರುವುದು ಇಲ್ಲೇ. ಇಟಲಿಯ ಗೆಲಿಲಿಯೊ ಫೆರಾರಿಸ್ ಇದೇ ತತ್ವವನ್ನು 1885ರಲ್ಲೇ ಮಾಡಿ ನೋಡಿದ್ದರು, ಪ್ರಕಟಿಸಿದ್ದು 1888ರ ಮಾರ್ಚ್‌ನಲ್ಲಿ. ಮೂರು ಫೇಸಿನ, ನಾವು ಇವತ್ತು ಬಳಸುವ ಥರದ ಮೋಟರ್ ಮಾಡಿದವರು ರಷ್ಯಾ ಮೂಲದ ಎಂಜಿನಿಯರ್ ಮಿಖಾಯಿಲ್ ದೊಲಿವೊ-ದೊಬ್ರೊವೊಲ್ಸ್ಕಿ, 1889ರಲ್ಲಿ. 1891ರಲ್ಲಿ ಜರ್ಮನಿಯ ಲೌಫೆನ್‌ನಿಂದ ಫ್ರಾಂಕ್‌ಫರ್ಟ್‌ಗೆ 175 ಕಿ.ಮೀ. ತ್ರೀ ಫೇಸ್ ಕರೆಂಟ್ ಹರಿದದ್ದರಲ್ಲೂ ಅವರ ಕೈ ಇತ್ತು. ಟೆಸ್ಲಾರನ್ನು ಜಗತ್ತು ಮರೆತಿದೆ ಅನ್ನುವವರು ಈ ಹೆಸರನ್ನೂ ಒಮ್ಮೆ ನೆನೆಯಬೇಕು. ಹಾಗಂತ ಟೆಸ್ಲಾ ಸಣ್ಣವರಾಗುವುದಿಲ್ಲ. ಮೋಟರ್, ಜನರೇಟರ್, ಲೈನು ಎಲ್ಲ ಸೇರಿ ಒಂದೇ ವ್ಯವಸ್ಥೆ ಎಂದು ಕಂಡು, ಅದನ್ನು ಕಾರ್ಖಾನೆಯವರ ಕೈಗೆ ಮುಟ್ಟಿಸಿದವರು ಅವರು.

ಪೇಟೆಂಟುಗಳನ್ನು ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿ ಪಡೆಯಿತು, 1896ರಲ್ಲಿ ನಯಾಗರಾ ಜಲಪಾತದ ಕರೆಂಟ್ ಬಫಲೋ ಊರಿಗೆ ಹರಿಯಿತು. ಆಮೇಲಿನದು ಬರೀ ಇಳಿಜಾರು. ತಂತಿಯಿಲ್ಲದೆ ಕರೆಂಟ್ ಕಳಿಸುತ್ತೇನೆಂದು 1901ರಲ್ಲಿ ಶುರುಮಾಡಿದ ಗೋಪುರಕ್ಕೆ ದುಡ್ಡು ಸಾಲಲಿಲ್ಲ, 1917ರಲ್ಲಿ ಕೆಡವಿದರು. ಪುಕ್ಕಟೆ ಕರೆಂಟಿನ ಕಥೆಗಳೆಲ್ಲ ಈ ಗೋಪುರದಿಂದಲೇ ಹುಟ್ಟಿದ್ದು, ಆದರೆ ಅದು ಅಂದುಕೊಂಡಂತೆ ಕೆಲಸ ಮಾಡಿ ತೋರಿಸಿದ್ದೇ ಇಲ್ಲ. ಸಾಲ, ಪಾರಿವಾಳಗಳ ಮೇಲಿನ ಪ್ರೀತಿ, ಮೂರರ ಅಂಕಿಯ ಹುಚ್ಚು ಇವುಗಳ ಜೊತೆ ಹೋಟೆಲಿಂದ ಹೋಟೆಲಿಗೆ ಅಲೆದ ಟೆಸ್ಲಾ, 1943ರ ಜನವರಿ 7ರಂದು ನ್ಯೂಯಾರ್ಕ್‌ನ ಹೋಟೆಲೊಂದರ 3327ನೇ ರೂಮಿನಲ್ಲಿ ಒಬ್ಬರೇ ಇದ್ದಾಗ ತೀರಿಕೊಂಡರು. ಇಷ್ಟು ಕೊಟ್ಟ ಜೀವಕ್ಕೆ ಆ ಕೊನೆ ಬರಬಾರದಿತ್ತು.

ಅವರು ಪಟ್ಟು ಹಿಡಿದ ಎ.ಸಿ. (ದಿಕ್ಕು ಬದಲಿಸುತ್ತಾ ಹರಿಯುವ) ಕರೆಂಟಿನ ದಾರಿಯಲ್ಲೇ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಲೈನ್ ಹೋಯಿತು. ತುಂಗಭದ್ರಾ ಡ್ಯಾಮಿನ ಕರೆಂಟೂ ಅದೇ, ರಾಯಚೂರಿನ ಶಕ್ತಿನಗರದ ಕಲ್ಲಿದ್ದಲು ಸ್ಥಾವರದ್ದೂ ಅದೇ. 2013ರ ಡಿಸೆಂಬರ್ 31ರಂದು ರಾಯಚೂರು-ಸೋಲಾಪುರ 765 ಕೆ.ವಿ. ಲೈನ್ ಮೂಲಕ ದಕ್ಷಿಣದ ಗ್ರಿಡ್ (ಕರೆಂಟ್ ಲೈನುಗಳ ಜಾಲ) ಉಳಿದ ದೇಶದ ಗ್ರಿಡ್ ಜೊತೆ ಕೂಡಿಕೊಂಡಿತು. ಅವತ್ತಿನಿಂದ ಶಕ್ತಿನಗರದ ಜನರೇಟರೂ ಪಂಜಾಬಿನ ಜನರೇಟರೂ ಒಂದೇ ಫ್ರೀಕ್ವೆನ್ಸಿಯಲ್ಲಿ ತಿರುಗುತ್ತಿವೆ. ಅದೇ ರಾಯಚೂರಿನ ಹೊಲಗಳಿಗೆ ಮಾತ್ರ ತ್ರೀ ಫೇಸ್ ಇನ್ನೂ ಗಂಟೆ ಲೆಕ್ಕದಲ್ಲಿ, ಪಾಳಿ ಮೇಲೆ ಬರುತ್ತದೆ. ಅದನ್ನು ಹಗಲಲ್ಲೇ ಕೊಡಿ ಅನ್ನುವುದು ರೈತರ ಹಳೆಯ ಬೇಡಿಕೆ.