ಕಂಚಿನದೆನ್ನುವ ಆ ಜಿಂಕೆ

ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ಮಠಕ್ಕೆ ಹೋದವರಿಗೆ ಒಳಗಿನ ಹೊನ್ನಿನ ಬುದ್ಧನನ್ನು ನೋಡುವ ಅವಸರ. ಕತ್ತೆತ್ತಿ ಮಾಳಿಗೆಯ ಅಂಚನ್ನು ನೋಡುವವರು ಕಡಿಮೆ. ಅಲ್ಲೊಂದು ಚಕ್ರ, ಅದರ ಎರಡೂ ಬದಿ ಮಂಡಿಯೂರಿ ಮುಖ ಮೇಲೆತ್ತಿದ ಜಿಂಕೆಗಳು. ಲಾಸಾದ ಜೋಖಾಂಗ್ ದೇಗುಲದ ಮೇಲೂ ಇದೇ ಜೋಡಿ. ಬುದ್ಧ ಮೊದಲು ಬೋಧಿಸಿದ್ದು ಸಾರನಾಥದ ಜಿಂಕೆವನದಲ್ಲಿ. ಚಕ್ರವೇ ಆ ಬೋಧನೆ, ಜಿಂಕೆಗಳು ಅದನ್ನು ಆಲಿಸುವವರು. ಸಂಕೇತ ಇಷ್ಟು ಸರಳ.

ನನ್ನ ತಕರಾರು ಲೋಹದ ಕುರಿತು. ಇಂಥ ಹಳೆಯ ಮೂರ್ತಿ ಮಾರಾಟಕ್ಕೆ ಬಂದರೆ ‘ಕಂಚಿನ ಜಿಂಕೆ’ ಎಂಬ ಚೀಟಿ ಅಂಟುತ್ತದೆ. ನಮ್ಮವರ ಬಾಯಲ್ಲಿ ಅದು ಪಂಚಲೋಹವಾಗುತ್ತದೆ. ಎಷ್ಟೋ ಸಲ ಅದು ಬರೀ ತಾಮ್ರ. ಕಂಚೆಂದರೆ ತಾಮ್ರಕ್ಕೆ ತವರ ಬೆರೆತದ್ದು. ತವರ ಸೇರಿದರೆ ಲೋಹ ಕಡಿಮೆ ಬಿಸಿಗೇ ಕರಗಿ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಶುದ್ಧ ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು. ಅದು ಗಾಳಿಯನ್ನು ಹೀರಿ ಗುಳ್ಳೆಯನ್ನೂ ಏಳಿಸುತ್ತದೆ. ಆದರೂ ಟಿಬೆಟಿನ ಮಠಗಳಿಗೆ ಮೂರ್ತಿ ಮಾಡಿಕೊಟ್ಟ ಕಠ್ಮಂಡು ಕಣಿವೆಯ ನೇವಾರ ಕುಶಲಿಗಳು ತಾಮ್ರವನ್ನೇ ನೆಚ್ಚಿದರು. ಕಾರಣ, ಮೇಲಿನ ಚಿನ್ನ.

ಚಿನ್ನದ ಪುಡಿಯನ್ನು ಪಾದರಸದಲ್ಲಿ ಅರೆದರೆ ಬೆಣ್ಣೆಯಂಥ ಮುದ್ದೆಯಾಗುತ್ತದೆ. ಅದನ್ನು ತಾಮ್ರಕ್ಕೆ ಸವರಿ ಕಾಯಿಸುತ್ತಾರೆ. ಪಾದರಸ 357 ಡಿಗ್ರಿಗೆ ಕುದಿದು ಹಾರುತ್ತದೆ. ಚಿನ್ನ ಕರಗಲು 1064 ಬೇಕಾದ್ದರಿಂದ ಅದು ಅಲ್ಲೇ ಕೂರುತ್ತದೆ. ಗೋಡೆಗೆ ಸುಣ್ಣ ಬಳಿದಂತೆ: ನೀರು ಆರುತ್ತದೆ, ಸುಣ್ಣ ಉಳಿಯುತ್ತದೆ. ಇಲ್ಲವೇ, ನೆಂಟರನ್ನು ಬಾಗಿಲಿಗೆ ಇಳಿಸಿ ಹೊರಟುಹೋಗುವ ಗಾಡಿಯಂತೆ. ಆದರೆ ಸುಣ್ಣ ಉದುರುತ್ತದೆ, ಈ ಚಿನ್ನ ಅಷ್ಟು ಸುಲಭವಾಗಿ ಉದುರದು: ಆ ಬಿಸಿಯಲ್ಲಿ ಚಿನ್ನವೂ ತಾಮ್ರವೂ ಅಂಚಿನಲ್ಲಿ ಒಂದರೊಳಗೊಂದು ತುಸು ಇಳಿದಿರುತ್ತವೆ. ಅಡಿಯಲ್ಲಿ ಸೀಸವೋ ತವರವೋ ಇದ್ದರೆ ಪಾದರಸ ಅವನ್ನೂ ಕರಗಿಸಿ ಮೇಲೆಳೆದು ಕಲೆ ಮಾಡುತ್ತದೆ. ಹಾಗಾಗಿ ಎರಕ ಕಷ್ಟವಾದರೂ ತಾಮ್ರವೇ ಸರಿ ಎಂಬ ಲೆಕ್ಕ. ಆ ಹೊಗೆ ಕುಡಿದವರ ನರಗಳು ತೆತ್ತ ಬೆಲೆ ಯಾವ ಚೀಟಿಯಲ್ಲೂ ಇರುವುದಿಲ್ಲ.

ಮಿಂಚು ಬಡಿದ ತಾಮ್ರ ಅಕ್ಕಿಯನ್ನು ಸೆಳೆಯುತ್ತದೆಂದು ನಂಬಿ ‘ರೈಸ್ ಪುಲ್ಲಿಂಗ್’ ದಂಧೆಯವರಿಗೆ ಲಕ್ಷಗಟ್ಟಲೆ ಸುರಿದವರು ನಮ್ಮಲ್ಲಿದ್ದಾರೆ. ತಾಮ್ರ ನಿಜವಾಗಿ ಮಾಡುವ ಈ ಕೆಲಸ ಅವರ ಕಣ್ಣಿಗೆ ಬೀಳಲಿಲ್ಲವಲ್ಲ!

ಪಾದರಸ ಪೂರ್ತಿ ಹಾರುವುದೂ ಇಲ್ಲ. ಮೂರ್ತಿಯ ಮೇಲೆ ಎಕ್ಸ್-ಕಿರಣ ಹಾಯಿಸಿದರೆ ಚಿನ್ನದೊಳಗೆ ಉಳಿದ ಚೂರುಪಾರು ಸಿಕ್ಕಿಬೀಳುತ್ತದೆ. 1840ರ ದಶಕದಲ್ಲಿ ಬಳಕೆಗೆ ಬಂದ, ವಿದ್ಯುತ್ ಹರಿಸಿ ಚಿನ್ನ ಹತ್ತಿಸುವ ವಿದ್ಯುಲ್ಲೇಪನದಲ್ಲಿ ಆ ಗುರುತಿರುವುದಿಲ್ಲ. ಅಂಥ ಉಪಕರಣ ಕೈಗೆಟುಕದಿದ್ದರೆ ಜಿಂಕೆಯ ಮೂತಿ, ಬೆನ್ನು, ಮಂಡಿಗಳನ್ನು ನೋಡಿ. ತಲೆಮಾರುಗಳ ಕೈ ಸವರಿ ಚಿನ್ನ ಸವೆದಲ್ಲಿ ಕೆಂಪು ಇಣುಕಿದರೆ ತಾಮ್ರ, ಹಳದಿ ಇಣುಕಿದರೆ ಹಿತ್ತಾಳೆಯೋ ಕಂಚೋ ಇರಬೇಕು. ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ.